ಮುಂದಿನ ಹಾಡು ಯಾರದು?



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆಯವರಿಗೆ ತೆಂಗಿನ ಮರದ ವಿಷಯವನ್ನು ರೇಡಿಯೊದಲ್ಲಿ ಕುಳಿತು ಹೇಳುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ. ಆದರೂ ನಾನು ಇಂದು ಹೇಳಬೇಕೆಂದಿರುವ ಮಾತಿಗೆ ಆ ಮರದ ತುದಿಗಿಂತ ಒಳ್ಳೆಯ ಪೀಠಿಕೆ ನನಗೆ ಸಿಕ್ಕಲಿಲ್ಲ. ಆದ್ದರಿಂದ ಒಂದು ನಿಮಿಷ ತಲೆಯೆತ್ತಿ ನೋಡಿ ಎಂದು ಕೇಳಿಕೊಳ್ಳುತ್ತೇನೆ.

ಚೆನ್ನಾಗಿ ನೀರು ಗೊಬ್ಬರ ಕಂಡ ಮರ ಸುಮಾರಾಗಿ ತಿಂಗಳಿಗೊಂದು ಗರಿಯನ್ನೂ ಗರಿಗೊಂದು ಹೊಂಬಾಳೆಯನ್ನೂ ಬಿಡುತ್ತದೆ. ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯಲು ಹೆಚ್ಚು ಕಡಿಮೆ ಒಂದು ವರ್ಷ ಬೇಕು. ಹಾಗಾಗಿ ಒಂದೇ ಮರದಲ್ಲಿ, ಒಂದೇ ಕಾಲದಲ್ಲಿ, ಮೇಲೆ ಈಗ ತಾನೆ ಒಡೆದ ಹೊಂಬಾಳೆ, ಅದರ ಕೆಳಗೆ ಹರಳು, ಅದರ ಕೆಳಗೆ ಎಳನೀರು, ಎಲ್ಲಕ್ಕಿಂತ ಕೆಳಗೆ ಬಲಿತ ಕಾಯಿ, ಹೀಗೆ ಹತ್ತು ಹನ್ನೆರಡು ಗೊನೆಗಳು ತಮ್ಮ ತಮ್ಮ ಕಾಲವನ್ನು ಕಾಯುತ್ತ ನಿಂತಿರುತ್ತವೆ. ಮೇಲಿನದು ಕೆಳಗಿನದನ್ನು ತಳ್ಳಿ ತಾನು ಮೊದಲು ಎನ್ನುವುದಿಲ್ಲ. ಇದಕ್ಕೆ ನಮ್ಮ ಮಾತಿನಲ್ಲಿ ಸರದಿ ಎಂದು ಹೆಸರು. ನಾಲೆಯ ನೀರಿಗೆ ಸರದಿ, ಪಂಪ್‌ಸೆಟ್ಟಿನ ಮೂರು ಫೇಸ್ ವಿದ್ಯುತ್ತಿಗೆ ಸರದಿ, ನ್ಯಾಯಬೆಲೆ ಅಂಗಡಿಯ ಮುಂದೆ ಸರದಿ, ಸರ್ಕಾರದ ಬೆಂಬಲ ಬೆಲೆಗೆ ಕೊಬ್ಬರಿ ಕೊಡುವುದಾದರೆ ಹೆಸರು ಬರೆಸುವುದಕ್ಕೂ ಸರದಿ. ಸರದಿ ತಪ್ಪಿಸಿ ಮುಂದೆ ನುಗ್ಗಿದವನನ್ನು ಕಂಡರೆ ನಮಗೆ ಎಷ್ಟು ಸಿಟ್ಟು ಬರುತ್ತದೆಂಬುದನ್ನು ನಾನು ಹೇಳಬೇಕಾಗಿಲ್ಲ.

ಇಂದಿನ ನನ್ನ ವಿಷಯವೂ ಸರದಿಯೇ. ಆದರೆ ಅದು ಕಾಯಿಯದಲ್ಲ, ನೀರಿನದಲ್ಲ, ಹಾಡಿನದು. ಈಚೆಗೆ ಮನೆಮನೆಗೂ ಬಂದಿರುವ ಹಾಡಿನ ಪೆಟ್ಟಿಗೆಯಲ್ಲಿ ಒಂದು ಹಾಡಿನ ಹಿಂದೆ ಇನ್ನೊಂದು ಯಾವುದು ಬರಬೇಕು, ಅದನ್ನು ಯಾರು ಗೊತ್ತುಮಾಡಬೇಕು ಎಂಬ ವಿಚಾರ. ಇದೇನು ಮಹಾ ವಿಷಯ, ಗುಂಡಿ ಒತ್ತಿದರೆ ಹಾಡುತ್ತದೆ, ಬೇಡವೆಂದರೆ ನಿಲ್ಲುತ್ತದೆ ಎಂದು ಕೆಲವರು ಅನ್ನಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿ. ಮನೆಯೊಳಗಿನ ಕೆಲವು ಸಣ್ಣ ಅನ್ಯಾಯಗಳು ಈ ಗುಂಡಿಯ ಕೆಳಗೇ ಅಡಗಿವೆ.

ಮೊದಲು ಪೆಟ್ಟಿಗೆಯ ಪರಿಚಯ. ಇದರ ರೂಪ ಒಂದೇ ಅಲ್ಲ. ಕೆಲವರ ಮನೆಯಲ್ಲಿ ಅದು ಗೋಡೆಯ ಗೂಡಿನಲ್ಲಿ ಕುಳಿತ ಒಂದು ಸ್ಪೀಕರ್. ಹಾಡು ಬರುವುದು ವೈ-ಫೈ ಮೂಲಕ, ಅಪ್ಪಣೆ ಬರುವುದು ಕೈಯಲ್ಲಿರುವ ಫೋನಿನಿಂದ. ಕೆಲವರು 2012ರಿಂದ ದೊರೆಯುತ್ತಿರುವ ರಾಸ್ಪ್‌ಬೆರಿ ಪೈ ಎಂಬ ಅಂಗೈ ಅಗಲದ ಕಂಪ್ಯೂಟರನ್ನು ತಂದು, ಅದರಲ್ಲಿ ಮ್ಯೂಸಿಕ್ ಪ್ಲೇಯರ್ ಡೀಮನ್ ಎಂಬ ಉಚಿತ ತಂತ್ರಾಂಶವನ್ನು ಹಾಕಿ, ತಮ್ಮ ಹಳೆಯ ಆಂಪ್ಲಿಫೈಯರಿಗೆ ಜೋಡಿಸಿಕೊಳ್ಳುತ್ತಾರೆ. ಹಾಡುಗಳನ್ನು ಮೊದಲೇ ತುಂಬಿಸಿ ಮಾರುವ ಪೆಟ್ಟಿಗೆಗಳೂ ಉಂಟು. 2017ರಲ್ಲಿ ಸರೆಗಮ ಕಂಪನಿಯವರು ಹೊರತಂದ ಕಾರವಾನ್ ಪೆಟ್ಟಿಗೆಯಲ್ಲಿ ಐದು ಸಾವಿರ ಹಾಡುಗಳಿದ್ದುವು. ರೂಪ ಯಾವುದೇ ಇರಲಿ, ಫೋನಿನಿಂದ ಅಪ್ಪಣೆ ಪಡೆಯುವ ಪೆಟ್ಟಿಗೆಗಳಲ್ಲಿ ಎರಡು ಭಾಗಗಳನ್ನು ಬೇರೆ ಬೇರೆಯಾಗಿ ಗುರುತಿಸಿಕೊಳ್ಳಬೇಕು. ಒಂದು, ಹಾಡುಗಳ ಉಗ್ರಾಣ. ಇನ್ನೊಂದು, ಉಗ್ರಾಣದಿಂದ ಆರಿಸಿ ಈಗ ಹಾಡಿಸಲೆಂದು ಸಾಲಾಗಿ ನಿಲ್ಲಿಸಿದ ಸರದಿ. ಫೋನಿನ ಪರದೆಯ ಮೇಲೆ ಇದನ್ನು ಕ್ಯೂ ಎಂದು ಬರೆದಿರುತ್ತಾರೆ.

ಉಗ್ರಾಣ ಎಷ್ಟು ದೊಡ್ಡದೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಐದು ಸಾವಿರ ಹಾಡು. ಹಾಡೊಂದಕ್ಕೆ ನಾಲ್ಕು ನಿಮಿಷ ಎಂದಿಟ್ಟುಕೊಳ್ಳೋಣ. ಒಟ್ಟು ಇಪ್ಪತ್ತು ಸಾವಿರ ನಿಮಿಷ, ಎಂದರೆ 333 ಗಂಟೆ. ದಿನಕ್ಕೆ ಒಂದು ಗಂಟೆಯಂತೆ ಕೇಳುತ್ತ ಹೋದರೆ ಎಲ್ಲವೂ ಒಮ್ಮೆ ಮುಗಿಯುವುದಕ್ಕೆ ಹನ್ನೊಂದು ತಿಂಗಳು ಬೇಕು. ಸಿಪ್ಪೆ ಸುಲಿಯದ ಕಾಯಿಯನ್ನು ಅಟ್ಟಕ್ಕೇರಿಸಿ, ಒಳಗಿನ ನೀರು ಆರಿ, ಅಲ್ಲಾಡಿಸಿದರೆ ಗಿಟುಕು ಗಡಗಡ ಎನ್ನುವವರೆಗೆ ನೀವು ಕಾಯುತ್ತೀರಲ್ಲ, ಹೆಚ್ಚು ಕಡಿಮೆ ಅಷ್ಟೇ ಕಾಲ. ಇಂದಿನ ಫೋನಿನ ಹಾಡಿನ ಸೇವೆಗಳ ಉಗ್ರಾಣವಾದರೋ ಇದಕ್ಕಿಂತ ಎಷ್ಟೋ ಪಾಲು ದೊಡ್ಡದು. ಒಬ್ಬ ಮನುಷ್ಯನ ಆಯುಷ್ಯದಲ್ಲಿ ಅದು ಮುಗಿಯುವ ಮಾತಲ್ಲ. ಅಷ್ಟು ದೊಡ್ಡ ಉಗ್ರಾಣ ನಮ್ಮದಾಯಿತೆಂದು ಹಿಗ್ಗುವುದು ಸಹಜ. ಆದರೆ ಒಂದು ಸಂಜೆಗೆ ನಮ್ಮ ಕಿವಿಗೆ ಬೀಳುವುದು ಹದಿನೈದೋ ಇಪ್ಪತ್ತೋ ಹಾಡು. ಆ ಇಪ್ಪತ್ತು ಯಾವುವು ಎಂಬುದನ್ನು ಗೊತ್ತುಮಾಡುವುದು ಸರದಿ. ಆದ್ದರಿಂದ ಪೆಟ್ಟಿಗೆಯಲ್ಲಿ ನಿಜವಾಗಿ ನಮ್ಮ ಕೈಯಲ್ಲಿರುವುದು ಉಗ್ರಾಣವಲ್ಲ, ಸರದಿ.

ಹಿಂದೆ ಈ ಚಿಂತೆ ಇರಲಿಲ್ಲ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದು ಆಕಾಶವಾಣಿ ಎಂದು ಹೆಸರಿಟ್ಟಾಗಲೂ, 1957ರಲ್ಲಿ ವಿವಿಧ ಭಾರತಿ ಆರಂಭವಾದಾಗಲೂ, ಯಾವ ಹಾಡಿನ ಮೇಲೆ ಯಾವ ಹಾಡು ಎಂಬುದನ್ನು ಕೇಂದ್ರದವರೇ ಗೊತ್ತುಮಾಡುತ್ತಿದ್ದರು. ಕೇಳುಗರು ಕಾಗದ ಬರೆದು ಮೆಚ್ಚಿನ ಗೀತೆಯನ್ನು ಕೋರಬಹುದಾಗಿತ್ತು. ಅದೂ ಇತರರ ಕಾಗದಗಳ ಜೊತೆಯಲ್ಲಿ ಸರದಿ ಕಾಯಬೇಕಾಗಿತ್ತು. ಗ್ರಾಮಫೋನು ಇದ್ದವರಿಗೆ ಒಂದು ಮಗ್ಗುಲಿಗೆ ಮೂರು ಚಿಲ್ಲರೆ ನಿಮಿಷ. ಆಮೇಲೆ ಎದ್ದು ಹೋಗಿ ತಟ್ಟೆ ತಿರುಗಿಸಬೇಕು. 1963ರಲ್ಲಿ ಹುಟ್ಟಿದ ಕ್ಯಾಸೆಟ್ಟು ನಮ್ಮ ಹಳ್ಳಿಗಳಿಗೆ ತಲಪಿದ ಮೇಲೆ ಒಂದು ಮಗ್ಗುಲು ಅರ್ಧ ಗಂಟೆಯಾಯಿತು. ಅಂಗಡಿಯವನಿಗೆ ಚೀಟಿ ಬರೆದುಕೊಟ್ಟು ನಮಗೆ ಬೇಕಾದ ಹಾಡುಗಳನ್ನು ಬೇಕಾದ ಕ್ರಮದಲ್ಲಿ ತುಂಬಿಸಿಕೊಳ್ಳುತ್ತಿದ್ದ ಆ ಕಾಲದಲ್ಲೇ ಸರದಿಯನ್ನು ಕಟ್ಟುವ ಕೆಲಸ ಮೊದಲು ಮನೆಯವರ ಕೈಗೆ ಬಂತು. ಆದರೆ ತುಂಬಿಸಿದ್ದು ತುಂಬಿಸಿದ ಹಾಗೆ. ನಡುವೆ ಒಂದನ್ನು ಸೇರಿಸುವಂತಿಲ್ಲ, ತೆಗೆಯುವಂತಿಲ್ಲ. 2001ರಲ್ಲಿ ಒಂದು ಸಾವಿರ ಹಾಡು ಹಿಡಿಸುವ ಐಪಾಡ್ ಬಂದ ಮೇಲೆ ಈ ಕಟ್ಟು ಸಡಿಲವಾಯಿತು. ಈಗಂತೂ ಹಾಡುತ್ತಿರುವಾಗಲೇ ಯಾರು ಬೇಕಾದರೂ ಎಲ್ಲಿ ಬೇಕಾದರೂ ಕೈ ಹಾಕಬಹುದು. ಅನುಕೂಲ ಹೆಚ್ಚಾದಂತೆ ಜವಾಬ್ದಾರಿಯೂ ಹೆಚ್ಚಿತು ಎನ್ನಬೇಕು.

ಈಗ ಗುಂಡಿಗಳ ವಿಚಾರಕ್ಕೆ ಬರೋಣ. ಒಂದು ಹಾಡಿನ ಹೆಸರಿನ ಪಕ್ಕದಲ್ಲಿ ಮೂರು ಚುಕ್ಕೆ ಇರುತ್ತವೆ. ಅದನ್ನು ಒತ್ತಿದರೆ ಸಾಮಾನ್ಯವಾಗಿ ಮೂರು ಬಗೆಯ ಅಪ್ಪಣೆಗಳು ಕಾಣುತ್ತವೆ. ಕನ್ನಡದಲ್ಲಿ ಹೇಳುವುದಾದರೆ: ಈಗಲೇ ಹಾಡಿಸು, ಇದಾದ ಮೇಲೆ ಹಾಡಿಸು, ಸರದಿಯ ಕೊನೆಗೆ ಸೇರಿಸು. ಪರದೆಯ ಮೇಲೆ ಪ್ಲೇ ನೌ, ಪ್ಲೇ ನೆಕ್ಸ್ಟ್, ಆ್ಯಡ್ ಟು ಕ್ಯೂ ಎಂದೋ, ಅದಕ್ಕೆ ಹತ್ತಿರದ ಮಾತುಗಳೋ ಇರುತ್ತವೆ. ಈ ಮೂರರ ವ್ಯತ್ಯಾಸ ತಿಳಿದವನು ಪೆಟ್ಟಿಗೆಯ ಮುಕ್ಕಾಲು ಪಾಲನ್ನು ತಿಳಿದಂತೆ.

ಒಂದು ತೋಟದ ಮನೆಯನ್ನು ಊಹಿಸಿಕೊಳ್ಳಿ. ಅಜ್ಜಿ, ಮಗ, ಸೊಸೆ, ಕಾಲೇಜಿಗೆ ಹೋಗುವ ಮೊಮ್ಮಗಳು, ಹೈಸ್ಕೂಲಿನ ಮೊಮ್ಮಗ. ಸಂಜೆ ದೀಪ ಹಚ್ಚಿದ ಹೊತ್ತಿನಲ್ಲಿ ಸೊಸೆ ಎಂಟು ದೇವರನಾಮಗಳನ್ನು ಸಾಲಾಗಿ ನಿಲ್ಲಿಸಿ ಒಲೆಯ ಬಳಿಗೆ ಹೋಗುತ್ತಾಳೆ. ಎರಡನೆಯದು ನಡೆಯುತ್ತಿರುವಾಗ ಹುಡುಗ ಬಂದು ತನ್ನ ಫೋನಿನಿಂದ ಒಂದು ಸಿನಿಮಾ ಹಾಡನ್ನು ಒತ್ತುತ್ತಾನೆ. ಅವನು ಒತ್ತಿದ್ದು ಈಗಲೇ ಎಂಬುದನ್ನು. ದೇವರನಾಮ ನಡುಸಾಲಿನಲ್ಲೇ ಕಡಿದುಹೋಗುತ್ತದೆ. ಅಷ್ಟೇ ಅಲ್ಲ, ಎಷ್ಟೋ ಯಂತ್ರಗಳಲ್ಲಿ ಹೀಗೆ ಒಂದು ಹೊಸ ಹಾಡನ್ನೋ ಹೊಸ ಆಲ್ಬಮ್ಮನ್ನೋ ನೇರವಾಗಿ ಒತ್ತಿದರೆ ಹಳೆಯ ಸರದಿಯ ಜಾಗದಲ್ಲಿ ಹೊಸ ಸರದಿ ಬಂದು ಕುಳಿತುಬಿಡುತ್ತದೆ. ಉಳಿದ ಆರು ದೇವರನಾಮಗಳು ಎಲ್ಲಿಗೆ ಹೋದುವೋ ಸೊಸೆಗೆ ತಿಳಿಯದು. ಹುಡುಗನಲ್ಲಿ ಕೇಡಿಲ್ಲ, ಅವನಿಗೆ ಬೇಕಾಗಿದ್ದುದು ಒಂದೇ ಹಾಡು. ಅದನ್ನೇ ಇದಾದ ಮೇಲೆ ಎಂದು ಒತ್ತಿದ್ದರೆ ಮೂರು ನಿಮಿಷ ತಡವಾಗುತ್ತಿತ್ತು, ಎಲ್ಲರದೂ ಉಳಿಯುತ್ತಿತ್ತು.

ಇದಾದ ಮೇಲೆ ಎಂಬ ಅಪ್ಪಣೆಯಲ್ಲೂ ಒಂದು ಸೂಕ್ಷ್ಮವಿದೆ. ಅದೇ ಹುಡುಗ ಮೂರು ಹಾಡುಗಳನ್ನು ಒಂದರ ಹಿಂದೆ ಒಂದು ಹೀಗೆ ಒತ್ತಿದನೆನ್ನಿ. ಕೆಲವು ಯಂತ್ರಗಳು ಒತ್ತಿದ ಕ್ರಮದಲ್ಲೇ ಹಾಡುತ್ತವೆ. ಇನ್ನು ಕೆಲವು, ಕಡೆಯಲ್ಲಿ ಒತ್ತಿದ್ದನ್ನು ಮೊದಲು ಹಾಡುತ್ತವೆ. ಗೋಣಿಚೀಲಗಳನ್ನು ಒಂದರ ಮೇಲೊಂದು ಪೇರಿಸಿದರೆ ಮೇಲಿನದು, ಎಂದರೆ ಕೊನೆಗೆ ಇಟ್ಟದ್ದು, ಮೊದಲು ಕೈಗೆ ಬರುತ್ತದಲ್ಲ, ಹಾಗೆ. ಯಂತ್ರ ಕೆಟ್ಟಿದೆಯೆಂದು ಗಾಬರಿಯಾಗಬೇಕಾಗಿಲ್ಲ. ನಮ್ಮ ಯಂತ್ರ ಯಾವ ಜಾತಿಯದೆಂದು ಒಂದು ಸಾರಿ ಪರೀಕ್ಷಿಸಿ ನೋಡಿಕೊಂಡರೆ ಸಾಕು. ಕೊನೆಗೆ ಸೇರಿಸು ಎಂಬ ಮಾತಿಗೂ ಎಲ್ಲೆಡೆ ಒಂದೇ ಅರ್ಥವಿಲ್ಲ. ಕೆಲವು ಸೇವೆಗಳಲ್ಲಿ, ನಡೆಯುತ್ತಿರುವ ಆಲ್ಬಮ್ಮಿನ ಉಳಿದ ಹಾಡುಗಳಿಗಿಂತ ಮುಂಚೆಯೇ ನಾವು ಕೈಯಾರೆ ಸೇರಿಸಿದ ಹಾಡು ಬರುತ್ತದೆ. ನಾವು ಸೇರಿಸಿದ್ದೆಲ್ಲ ಮುಗಿದ ಮೇಲೆ ಆಲ್ಬಮ್ಮು ಮುಂದುವರಿಯುತ್ತದೆ. ಅತಿಥಿಗಳಿಗೆ ಮೊದಲ ಪಂಕ್ತಿಯಲ್ಲಿ ಎಲೆ ಹಾಕಿ ಮನೆಯವರು ಆಮೇಲೆ ಕುಳಿತುಕೊಳ್ಳುವ ಕ್ರಮದಂತೆ ಎಂದು ತಿಳಿಯಬಹುದು.

ಇಲ್ಲಿಯವರೆಗೆ ಹೇಳಿದ್ದು ಯಂತ್ರದ ಮಾತು. ಈಗ ನ್ಯಾಯದ ಮಾತು. ಹೇಮಾವತಿ ನಾಲೆಯ ನೀರನ್ನು ಕಂಡಿರುವ ನಮ್ಮ ತಾಲ್ಲೂಕುಗಳ ರೈತರಿಗೆ ಕೊನೆಯ ಭಾಗದ ರೈತ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಕಾಗದದ ಮೇಲೆ ಅವನಿಗೂ ನೀರಿನ ಹಕ್ಕಿದೆ. ಆದರೆ ಮೇಲಿನವರೆಲ್ಲ ತಮ್ಮದು ತುರ್ತು ಎಂದು ತೂಬು ತೆರೆದುಕೊಂಡರೆ ಅವನ ಗದ್ದೆಗೆ ನೀರು ತಲಪುವುದೇ ಇಲ್ಲ. ಹಾಡಿನ ಸರದಿಯಲ್ಲೂ ಹೀಗೇ ಆಗುತ್ತದೆ. ಅಜ್ಜಿ ಕೇಳಿದ ಒಂದು ಹಾಡನ್ನು ಮೊಮ್ಮಗಳು ಪ್ರೀತಿಯಿಂದಲೇ ಸರದಿಯ ಕೊನೆಗೆ ಸೇರಿಸಿರುತ್ತಾಳೆ. ಆಮೇಲೆ ಒಬ್ಬೊಬ್ಬರೂ ಬಂದು ಇದಾದ ಮೇಲೆ ನನ್ನದು, ಇದಾದ ಮೇಲೆ ನನ್ನದು ಎಂದು ಒತ್ತುತ್ತ ಹೋಗುತ್ತಾರೆ. ಅಜ್ಜಿಯ ಹಾಡು ಇದ್ದಲ್ಲೇ ಇರುತ್ತದೆ. ಅದರ ಹೊತ್ತು ಮಾತ್ರ ಬರುವುದಿಲ್ಲ. ಊಟದ ಹೊತ್ತಾಗುತ್ತದೆ, ಪೆಟ್ಟಿಗೆ ನಿಲ್ಲುತ್ತದೆ. "ಅಜ್ಜಿ, ನಿಂದು ನಾಳೆ ಹಾಕ್ತೀನಿ" ಎನ್ನುತ್ತಾಳೆ ಹುಡುಗಿ. "ಆಗ್ಲಿ ಕಣವ್ವ, ಅದಕ್ಕೇನು" ಎನ್ನುತ್ತಾಳೆ ಅಜ್ಜಿ. ಯಾರೂ ಅವಳಿಗೆ ಇಲ್ಲವೆನ್ನಲಿಲ್ಲ. ಆದರೂ ಆ ದಿನ ಅವಳಿಗೆ ಸಿಕ್ಕಿದ್ದು ಏನೂ ಇಲ್ಲ.

ಇದರಲ್ಲಿ ಗಮನಿಸಬೇಕಾದದ್ದು ಇಷ್ಟು: ಮನೆಯಲ್ಲಿ ಫೋನು ಹಿಡಿದವರೆಲ್ಲರೂ ಸರದಿಗೆ ಯಜಮಾನರು, ಫೋನು ಹಿಡಿಯಲಾರದವರು ಬರಿಯ ಕೇಳುಗರು. ಹಳೆಯ ರೇಡಿಯೊಗೆ ತಿರುಗಿಸುವ ಕಿವಿ ಇತ್ತು. ಕಣ್ಣು ಮಂಜಾದವರೂ ಅದನ್ನು ಕೈಯಿಂದ ತಡವಿ ಕೇಂದ್ರ ಹುಡುಕಿಕೊಳ್ಳುತ್ತಿದ್ದರು. ನುಣುಪಾದ ಗಾಜಿನ ಮೇಲೆ ಬೆರಳಿಗೆ ಏನೂ ಸಿಕ್ಕುವುದಿಲ್ಲ. ಆದ್ದರಿಂದ ಮನೆಯಲ್ಲಿ ಒಂದು ಸಣ್ಣ ಕಟ್ಟುಪಾಡು ಮಾಡಿಕೊಳ್ಳುವುದು ಒಳ್ಳೆಯದು. ನೀರಿನ ಸರದಿಯಂತೆಯೇ ಇದನ್ನೂ ಮಾಡಬಹುದು: ಒಂದು ಸುತ್ತಿಗೆ ಒಬ್ಬೊಬ್ಬರಿಗೆ ಎರಡೆರಡು ಹಾಡು, ಫೋನಿಲ್ಲದವರ ಎರಡು ಹಾಡನ್ನು ಫೋನಿದ್ದವರು ಮೊದಲೇ ಕೇಳಿ ಸೇರಿಸತಕ್ಕದ್ದು, ಈಗಲೇ ಎಂಬ ಗುಂಡಿಯನ್ನು ಒಬ್ಬರೇ ಇರುವಾಗ ಮಾತ್ರ ಒತ್ತತಕ್ಕದ್ದು. ಇಷ್ಟು ನಡೆದರೆ ಜಗಳವೂ ಇಲ್ಲ, ಯಾರ ಹಾಡೂ ಒಣಗುವುದಿಲ್ಲ.

ಇನ್ನು ಕಲಸುವ ಗುಂಡಿ. ಷಫಲ್ ಎಂದು ಅದರ ಹೆಸರು. ಒಂದನ್ನೊಂದು ದಾಟುವ ಎರಡು ಬಾಣಗಳ ಗುರುತು. ಇಸ್ಪೀಟಿನ ಎಲೆಗಳನ್ನು ಕಲಸಿದ ಹಾಗೆ ಅದು ಹಾಡುಗಳ ಕ್ರಮವನ್ನು ಕಲಸುತ್ತದೆ. ಇದರ ಬಗ್ಗೆ ಅನೇಕರ ದೂರು ಒಂದೇ: "ಕಲಸು ಅಂದರೆ ಒಬ್ಬನೇ ಗಾಯಕನ ಹಾಡು ಜೋಡಿ ಜೋಡಿಯಾಗಿ ಬರುತ್ತೆ, ಇದು ಸರಿಯಾಗಿ ಕಲಸೋದೇ ಇಲ್ಲ." ದೂರು ಸಹಜ, ಆದರೆ ಲೆಕ್ಕ ಬೇರೆ ಹೇಳುತ್ತದೆ. ಹತ್ತು ಹಾಡಿನ ಸರದಿಯಲ್ಲಿ ಮೂರು ಒಬ್ಬನೇ ಗಾಯಕನವು ಎಂದಿಟ್ಟುಕೊಳ್ಳಿ. ಆ ಮೂರು ಹಾಡು ಕುಳಿತುಕೊಳ್ಳಬಹುದಾದ ಜಾಗಗಳನ್ನು ಎಣಿಸಿದರೆ ಒಟ್ಟು 120 ಬಗೆ. ಅವುಗಳಲ್ಲಿ ಮೂರೂ ಬೇರೆ ಬೇರೆಯಾಗಿ, ಒಂದಕ್ಕೊಂದು ತಾಗದೆ ಕುಳಿತುಕೊಳ್ಳುವುದು 56 ಬಗೆಯಲ್ಲಿ ಮಾತ್ರ. ಉಳಿದ 64ರಲ್ಲಿ ಎರಡಾದರೂ ಅಕ್ಕಪಕ್ಕ ಬಂದೇ ಬರುತ್ತವೆ. ಎಂದರೆ ನಿಜವಾಗಿ ಕಲಸಿದರೆ ಜೋಡಿ ಬೀಳುವುದೇ ಹೆಚ್ಚು. ಇದನ್ನು ಜನಕ್ಕೆ ಒಪ್ಪಿಸಲಾರದೆ ಆ್ಯಪಲ್ ಕಂಪನಿಯವರು 2005ರಲ್ಲಿ ತಮ್ಮ ಐಟ್ಯೂನ್ಸಿನಲ್ಲಿ, ಒಬ್ಬರ ಹಾಡುಗಳು ಒತ್ತಟ್ಟಿಗೆ ಬಾರದಂತೆ ಬೇಕೆಂದೇ ದೂರ ಮಾಡುವ ಏರ್ಪಾಡನ್ನು ಸೇರಿಸಿದರು. ಕಲಸಿದ ಹಾಗೆ ಕಾಣಿಸಲೆಂದು ಕಲಸುವುದನ್ನು ಕಡಮೆ ಮಾಡಿದರು!

ಹೀಗೆ ಸರಿಯಾಗಿ ಕಲಸುವ ವಿದ್ಯೆಗೂ ಬೇಸಾಯಕ್ಕೂ ನಂಟಿದೆ. 1938ರಲ್ಲಿ ಫಿಷರ್ ಮತ್ತು ಯೇಟ್ಸ್ ಎಂಬ ಇಬ್ಬರು ಇಂಗ್ಲಿಷ್ ಸಂಖ್ಯಾಶಾಸ್ತ್ರಜ್ಞರು ಜೀವಶಾಸ್ತ್ರ, ಕೃಷಿ, ವೈದ್ಯ ಸಂಶೋಧನೆಗಳಿಗೆಂದು ಒಂದು ಕೋಷ್ಟಕಗಳ ಪುಸ್ತಕವನ್ನು ಪ್ರಕಟಿಸಿದರು. ಯಾವ ಪಾತಿಗೆ ಯಾವ ಗೊಬ್ಬರ ಎಂಬಂಥ ಪ್ರಯೋಗಗಳಲ್ಲಿ ಪಕ್ಷಪಾತ ನುಸುಳದಂತೆ ಕ್ರಮವನ್ನು ಕಲಸಬೇಕಾಗುತ್ತದೆ. ಅದಕ್ಕೆ ಅವರು ಕೊಟ್ಟ ವಿಧಾನದಿಂದಲೇ ಇಂದಿನ ಕಂಪ್ಯೂಟರುಗಳು ಬಳಸುವ ವಿಧಾನ ಬೆಳೆದಿದೆ. ಸುಲಭವಾಗಿ ಹೇಳುವುದಾದರೆ ಚೀಟಿ ಎತ್ತುವ ಹಾಗೆ: ಎಲ್ಲ ಹಾಡಿನ ಹೆಸರನ್ನೂ ಚೀಟಿಯಲ್ಲಿ ಬರೆದು ಕೊಡದೊಳಗೆ ಹಾಕಿ ಒಂದೊಂದಾಗಿ ಎತ್ತುವುದು, ಎತ್ತಿದ್ದನ್ನು ಮತ್ತೆ ಒಳಗೆ ಹಾಕದಿರುವುದು. ಎಲ್ಲಾ ಮುಗಿಯುವವರೆಗೆ ಯಾವುದೂ ಎರಡು ಸಲ ಬರುವುದಿಲ್ಲ.

ಆದರೆ ಕಲಸಬಾರದ ವಸ್ತುಗಳೂ ಉಂಟು. ಕರ್ನಾಟಕ ಸಂಗೀತದ ಕಚೇರಿಯಲ್ಲಿ ವರ್ಣದಿಂದ ಆರಂಭಿಸಿ ಮಂಗಳದಲ್ಲಿ ಮುಗಿಸುವ ಕ್ರಮವಿದೆ. ಇಂದು ರೂಢಿಯಲ್ಲಿರುವ ಈ ಪದ್ಧತಿಯನ್ನು ರೂಪಿಸಿದ ಕೀರ್ತಿ ಅರಿಯಕುಡಿ ರಾಮಾನುಜ ಅಯ್ಯಂಗಾರ್ಯರಿಗೆ ಸಲ್ಲುತ್ತದೆ. ಒಂದು ಕಚೇರಿಯ ಮುದ್ರಿಕೆಯನ್ನು ಕಲಸುವ ಗುಂಡಿ ಮರೆತು ಹಾಕಿದರೆ, ಆರಂಭದಲ್ಲೇ ಮಂಗಳ ಹಾಡಿ, ರಾಗ ಒಂದು ಕಡೆ, ಅದರ ಪಲ್ಲವಿ ಇನ್ನೊಂದು ಕಡೆ ಆಗಿ, ವಿದ್ವಾಂಸರು ದಾರಿ ತಪ್ಪಿದವರಂತೆ ಕೇಳಿಸುತ್ತಾರೆ. ನಮ್ಮ ಸೋಬಾನೆಯ ಪದಗಳಿಗೂ ಕ್ರಮವಿದೆ. ಅರಿಶಿನ ಹಚ್ಚುವಾಗಿನದು ಬೇರೆ, ಧಾರೆಯ ಹೊತ್ತಿನದು ಬೇರೆ, ಹೆಣ್ಣೊಪ್ಪಿಸುವ ಪದ ಕಡೆಯದು. ಮದುವೆಯ ಮನೆಯಲ್ಲಿ ಪೆಟ್ಟಿಗೆ ಕಲಸಿಕೊಂಡು, ಗಂಡು ಚಪ್ಪರಕ್ಕೆ ಬರುವ ಮೊದಲೇ ಹೆಣ್ಣೊಪ್ಪಿಸುವ ಪದ ಹೇಳಿಬಿಟ್ಟರೆ ತಾಯಿಯಾದವಳ ಗತಿಯೇನು? ಆದ್ದರಿಂದ ಬಿಡಿ ಹಾಡುಗಳನ್ನು ಕಲಸಿ. ಕಥೆ, ಕಚೇರಿ, ನಾಟಕ, ಶುಭಕಾರ್ಯದ ಪದಗಳನ್ನು ಕಲಸಬೇಡಿ. ಆ ಗುಂಡಿಯ ಗುರುತು ಬಣ್ಣ ತಿರುಗಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಮತ್ತೆ ಹಾಡಿಸುವ ಗುಂಡಿ, ರಿಪೀಟ್ ಎಂಬುದು, ನಮ್ಮ ಜಿಲ್ಲೆಗೆ ಹೊಸದಲ್ಲ. 1884ರಲ್ಲಿ ಸ್ಥಾಪನೆಯಾದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘದ ನೆಲ ಇದು. ಕಂಪನಿ ನಾಟಕದ ಕಾಲದಲ್ಲಿ ಒಂದು ಹಾಡು ರುಚಿಸಿದರೆ ಚಾಪೆಯ ಮೇಲಿನವರೂ ಕುರ್ಚಿಯ ಮೇಲಿನವರೂ ವನ್ಸ್‌ಮೋರ್ ಎಂದು ಕೂಗುತ್ತಿದ್ದರು. ನಟರು ಮತ್ತೆ ಹಾಡುತ್ತಿದ್ದರು. ಕಥೆ ಅಷ್ಟು ಹೊತ್ತು ಕಾಯುತ್ತಿತ್ತು. ಆದರೆ ಆಗ ವನ್ಸ್‌ಮೋರ್ ಎನ್ನುವವರು ಸಭೆಯವರೆಲ್ಲ. ಈಗ ಒಬ್ಬನೇ ಒತ್ತಬಹುದು. ಅದರಲ್ಲಿ ಎರಡು ಬಗೆ: ಇಡೀ ಸರದಿಯನ್ನು ಮೊದಲಿನಿಂದ ಮತ್ತೆ ಹಾಡಿಸುವುದು ಒಂದು, ಒಂದೇ ಹಾಡನ್ನು ಬಿಡದೆ ಹಾಡಿಸುವುದು ಇನ್ನೊಂದು. ಎರಡನೆಯದಕ್ಕೆ ಗುರುತಿನಲ್ಲಿ ಒಂದು ಎಂಬ ಅಂಕಿ ಇರುತ್ತದೆ. ಅದು ತಿಳಿಯದೆ ಬೆರಳು ತಾಗಿ, ಬೆಳಿಗ್ಗೆಯಿಂದ ಒಂದೇ ಹಾಡು ಕೇಳುತ್ತ, ಪೆಟ್ಟಿಗೆಯಲ್ಲಿ ಉಳಿದದ್ದೆಲ್ಲ ಹಾಳಾಯಿತೆಂದು ಕೊರಗುವವರಿದ್ದಾರೆ. ಇದಕ್ಕೆ ವಿರುದ್ಧವಾದದ್ದೂ ಕೆಲವು ತಂತ್ರಾಂಶಗಳಲ್ಲಿದೆ: ಹಾಡಿ ಮುಗಿದದ್ದನ್ನು ಸರದಿಯಿಂದ ತಾನಾಗಿ ಕೈಬಿಡುವುದು. ಅದನ್ನು ಹಾಕಿಟ್ಟರೆ ಸರದಿ ಸವೆಯುತ್ತ ಬಂದು, ಇನ್ನೆಷ್ಟು ಉಳಿದಿದೆಯೆಂದು ಒಂದೇ ನೋಟಕ್ಕೆ ತಿಳಿಯುತ್ತದೆ.

ಇಲ್ಲಿ ಒಂದು ಭಯವನ್ನು ನಿವಾರಿಸಬೇಕು. ಸರದಿಯಿಂದ ತೆಗೆದರೆ ಹಾಡು ಅಳಿಸಿಹೋಗುವುದಿಲ್ಲ. ಸರದಿಯಲ್ಲಿರುವುದು ಹಾಡಿನ ಹೆಸರಿನ ಚೀಟಿ ಮಾತ್ರ. ಚೀಟಿ ಹರಿದರೆ ಅಟ್ಟದ ಕಾಯಿಗೇನೂ ಆಗುವುದಿಲ್ಲ. ಕ್ಲಿಯರ್ ಅಥವಾ ರಿಮೂವ್ ಎಂಬ ಗುಂಡಿ ಚೀಟಿಯನ್ನು ಹರಿಯುತ್ತದೆ. ಆದರೆ ಉಗ್ರಾಣದಲ್ಲಿ ನಿಂತು ಡಿಲೀಟ್ ಎಂದರೆ ಹಾಡೇ ಹೋಗುತ್ತದೆ. ಈ ಎರಡನ್ನು ಮಕ್ಕಳಿಗೂ ಹಿರಿಯರಿಗೂ ಸ್ಪಷ್ಟವಾಗಿ ತಿಳಿಸಿಟ್ಟಿರಬೇಕು.

ಚೆನ್ನಾಗಿ ಕಟ್ಟಿದ ಸರದಿಯನ್ನು ಹೆಸರು ಕೊಟ್ಟು ಉಳಿಸುವುದೂ ಸಾಧ್ಯ. ಆಗ ಅದನ್ನು ಪ್ಲೇಲಿಸ್ಟ್ ಎನ್ನುತ್ತಾರೆ. ನಮ್ಮ ಕಡೆ ವಿದ್ಯುತ್ತು ಹೇಳಿ ಕೇಳಿ ಹೋಗುವುದಿಲ್ಲ. ಕೆಲವು ಪೆಟ್ಟಿಗೆಗಳು ವಿದ್ಯುತ್ತು ಬಂದ ಮೇಲೆ ಬಿಟ್ಟಲ್ಲಿಂದ ಮುಂದುವರಿಯುತ್ತವೆ. ಕೆಲವು ಎಲ್ಲವನ್ನೂ ಮರೆತು ಖಾಲಿ ಕುಳಿತಿರುತ್ತವೆ. ಬೆಳಗಿನ ಸುಪ್ರಭಾತ, ಕಾಯಿ ಸುಲಿಯುವಾಗ ಕೇಳುವ ಹಾಡು, ರಾತ್ರಿಯ ವಚನ ಎಂದು ಮೂರು ಸರದಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಉಳಿಸಿಟ್ಟರೆ ಒಂದೇ ಬೆರಳಿನಲ್ಲಿ ಮತ್ತೆ ನಿಲ್ಲಿಸಬಹುದು. ಹೆಸರುಗಳನ್ನು ಕನ್ನಡದಲ್ಲೇ ಕೊಡಿ. ಯಂತ್ರಕ್ಕೆ ಈಗ ಕನ್ನಡ ಬರುತ್ತದೆ.

ಕೊನೆಯದಾಗಿ, ನನ್ನ ಮನಸ್ಸಿಗೆ ಎಲ್ಲಕ್ಕಿಂತ ಮುಖ್ಯವೆನಿಸಿದ ಮಾತು. ನಮ್ಮ ಎಷ್ಟೋ ಮನೆಗಳಲ್ಲಿ ಅಜ್ಜಿಯೋ ಸೋದರತ್ತೆಯೋ ಹೇಳಿದ ಸೋಬಾನೆ ಪದ, ರಾಗಿ ಬೀಸುವ ಪದ, ಯಾರೋ ಹಿರಿಯರ ಭಜನೆ, ಹಿಂದೆ ಕ್ಯಾಸೆಟ್ಟಿನಲ್ಲೋ ಈಚೆಗೆ ಫೋನಿನಲ್ಲೋ ತುಂಬಿಸಿಟ್ಟದ್ದು ಉಂಟು. ಹೇಳಿದವರಲ್ಲಿ ಹಲವರು ಈಗಿಲ್ಲ. ಕ್ಯಾಸೆಟ್ಟಿನವನ್ನು ಪೇಟೆಗೆ ಒಯ್ದು ಹೊಸ ರೂಪಕ್ಕೆ ಬದಲಾಯಿಸಿ ಪೆಟ್ಟಿಗೆಗೆ ಹಾಕಿಸಿ, ಉಳಿಯಿತಲ್ಲ ಎಂದು ಸಮಾಧಾನಪಡುತ್ತೇವೆ. ಆದರೆ ಅವುಗಳ ಹೆಸರು ನೋಡಿದರೆ ರೆಕಾರ್ಡಿಂಗ್ ಏಳು, ರೆಕಾರ್ಡಿಂಗ್ ಎಂಟು ಎಂದಿರುತ್ತದೆ. ಅದು ಯಾರ ದನಿ, ಯಾವ ಪದ ಎಂದು ಹುಡುಕುವವರಿಗೆ ತಿಳಿಯದು; ತಿಳಿಯದ್ದನ್ನು ಯಾರೂ ಸರದಿಗೆ ಸೇರಿಸುವುದಿಲ್ಲ. ಸಾವಿರಾರು ಸಿನಿಮಾ ಹಾಡುಗಳ ನಡುವೆ ಅದು ಅಟ್ಟದ ಮೂಲೆಯಲ್ಲಿ ಮರೆತುಹೋದ ಕಾಯಿಯ ಹಾಗೆ ಬಿದ್ದಿರುತ್ತದೆ. ಅಳಿಸಿಹೋದ ಹಾಡಿಗೂ ಎಂದೂ ಸರದಿ ಬಾರದ ಹಾಡಿಗೂ ಕೇಳುವವರ ಪಾಲಿಗೆ ಏನು ಭೇದ?

ಇದಕ್ಕೆ ಹೆಚ್ಚಿನ ಶ್ರಮ ಬೇಕಾಗಿಲ್ಲ. ಒಂದು ಭಾನುವಾರ ಮಧ್ಯಾಹ್ನ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದನ್ನೂ ಹಾಕಿ ಕೇಳಿಸಿ. "ಇದು ಯಾರು ಹೇಳಿದ್ದು ಅಜ್ಜಿ, ಯಾವಾಗ ಹೇಳೋ ಪದ ಇದು?" ಎಂದು ಕೇಳಿ, ಅವರು ಹೇಳಿದ್ದನ್ನು ಹೆಸರಾಗಿ ಬರೆಯಿರಿ: ಯಾರ ದನಿ, ಯಾವ ಊರು, ಯಾವ ಸಂದರ್ಭದ ಪದ, ಗೊತ್ತಿದ್ದರೆ ಯಾವ ವರ್ಷ. ಅವುಗಳನ್ನು ಬೇರೆ ಒಂದು ಸರದಿಯಾಗಿ ಉಳಿಸಿ. ಒಂದು ಪ್ರತಿಯನ್ನು ಪೆಟ್ಟಿಗೆಯ ಹೊರಗೆ, ಪೆನ್‌ಡ್ರೈವಿನಲ್ಲೋ ಇನ್ನೊಬ್ಬ ಅಣ್ಣತಮ್ಮಂದಿರ ಮನೆಯಲ್ಲೋ ಇಡಿ. ಕಲಸುವ ಗುಂಡಿಯ ಕೈಗೆ ಅವನ್ನು ಕೊಡಬೇಡಿ. ತೀರಿಕೊಂಡವರ ದನಿ ಎರಡು ಕುಣಿತದ ಹಾಡುಗಳ ನಡುವೆ ಇದ್ದಕ್ಕಿದ್ದಂತೆ ಬಂದರೆ ಮನೆಯವರ ಎದೆ ಝಲ್ಲೆನ್ನುತ್ತದೆ. ಹಬ್ಬದ ದಿನವೋ ಹಿರಿಯರ ದಿನವೋ ಬೇಕೆಂದೇ ಅವನ್ನು ಸರದಿಗೆ ತಂದು, ಎಲ್ಲರೂ ಕೂತು ಕೇಳಿ. ಆಗ ಆ ಪದ ಇನ್ನೊಂದು ತಲೆಮಾರಿನ ಬಾಯಿಗೆ ಬರುವ ಸಂಭವವೂ ಉಂಟು.

ಇನ್ನೊಂದೇ ಮಾತು ಹೇಳಿ ಮುಗಿಸುತ್ತೇನೆ. ಸರದಿ ಖಾಲಿಯಾದ ಮೇಲೆ ಇಂದಿನ ಹಲವು ಸೇವೆಗಳು ಸುಮ್ಮನಿರುವುದಿಲ್ಲ. ಇವರಿಗೆ ಇದೂ ಹಿಡಿಸೀತು ಎಂದು ತಾವೇ ಊಹಿಸಿ ಹಾಡಿನ ಮೇಲೆ ಹಾಡು ತಂದು ನಿಲ್ಲಿಸುತ್ತವೆ. ಇದಕ್ಕೆ ಆಟೊಪ್ಲೇ ಎಂದು ಹೆಸರು. ಸೆಟ್ಟಿಂಗ್ಸಿನಲ್ಲಿ ಅದನ್ನು ನಿಲ್ಲಿಸಬಹುದು. ಹೊಸ ಹಾಡು ಪರಿಚಯವಾಗಬೇಕಾದರೆ ಅದು ಇರಲಿ. ಆದರೆ ನಮ್ಮ ಸರದಿ ನಮ್ಮದೇ ಆಗಿರಬೇಕಾದರೆ ಅದು ಮುಗಿಯುವುದಕ್ಕೂ ಬಿಡಬೇಕು. ಕಡೆಯ ಹಾಡು ಮುಗಿದು ಪೆಟ್ಟಿಗೆ ಸುಮ್ಮನಾದಾಗ ತೋಟದ ಗಾಳಿಗೆ ಗರಿ ಗರಿಗೆ ತಾಗುವ ಸದ್ದು ಕೇಳುತ್ತದೆ. ಮನೆಯವರ ಮಾತು ಕೇಳುತ್ತದೆ. ಆ ಹೊತ್ತಿನಲ್ಲಿ ಯಾರಾದರೊಬ್ಬರು "ಅಜ್ಜಿ, ನಾಳೆ ಮೊದಲನೇ ಹಾಡು ನಿಂದೇ, ಯಾವುದು ಹಾಕಲಿ?" ಎಂದು ಕೇಳಿದರೆ, ನಾನು ಇಷ್ಟು ಹೊತ್ತು ಮಾತನಾಡಿದ್ದು ಸಾರ್ಥಕ.